ತಂಗಿಯ ಮದುವೆಗೆ ಹೊರಗೆ ಕೂತವನು

ಲೋಗನ್, ಯೂಟಾ
ಭಾನುವಾರ, ಜೂನ್ ೨೬, ೨೦೧೬

ಪ್ರೀತಿಯ ಟೆರಿಲ್‌ಗೆ,

ಅಮ್ಮನ ಆಶೀರ್ವಾದ. ಮದುವೆ ಮುಗಿದು ಹದಿನೈದು ದಿನವಾದರೂ ನಿನಗೆ ಒಂದು ಸಾಲು ಬರೆಯಲಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಮನೆ ತೊಳೆಯುವುದರಲ್ಲೇ ಸೊಂಟ ಬಿದ್ದುಹೋಯಿತು. ನೆರೆಹೊರೆಯವರು ಆಲೂಗಡ್ಡೆ, ಚೀಸ್ ಬೇಯಿಸಿ ತಂದಿಟ್ಟ ಗಾಜಿನ ಪಾತ್ರೆಗಳೇ ಹನ್ನೊಂದು. ತಳಕ್ಕೆ ಅಂಟಿಸಿದ ಹೆಸರು ಓದಿ ಒಂದೊಂದನ್ನೂ ಮನೆಮನೆಗೆ ಮುಟ್ಟಿಸಿದೆ. ಹೋದಲ್ಲೆಲ್ಲ ಅದೇ ಪ್ರಶ್ನೆ: "ಟೆರಿಲ್ ವಾಪಸ್ ಬರ್ತಾನಂತಾ?" ಊರಿಗಾ ಅಂತ ಕೇಳುತ್ತಿದ್ದಾರೋ ಚರ್ಚಿಗಾ ಅಂತ ಕೇಳುತ್ತಿದ್ದಾರೋ, ನನಗೆ ಗೊತ್ತಿಲ್ಲದ್ದೇನಲ್ಲ. "ಪಾತ್ರೆ ತುಂಬಾ ಚೆನ್ನಾಗಿದೆ" ಎಂದು ಬಂದುಬಿಡುತ್ತಿದ್ದೆ.

ಜನೀಲ್ ಮತ್ತು ಅಳಿಯ ಚೆನ್ನಾಗಿದ್ದಾರೆ. ನಿಮ್ಮಪ್ಪ ಚರ್ಚಿನಿಂದ ಬಂದು ಉಂಡು ಮಲಗಿದ್ದಾರೆ. ತಿಂಗಳ ಮೊದಲ ಭಾನುವಾರದ ಉಪವಾಸವನ್ನು ಈಗ ನಿನ್ನ ಹೆಸರಿನಲ್ಲೇ ಮಾಡುತ್ತಾರೆ. "ನೀನೂ ಅವನಿಗೋಸ್ಕರಾನೇ ಮಾಡು, ಇಬ್ರೂ ಕೇಳಿದ್ರೆ ದೇವರು ಬೇಗ ಕೇಳಿಸ್ಕೋತಾನೆ" ಅನ್ನುತ್ತಾರೆ. ಮಾಡುತ್ತೇನೆ. ಆದರೆ ಏನು ಕೇಳಬೇಕೆಂದು ಈಚೆಗೆ ತೋಚುವುದಿಲ್ಲ. ದಣಿದಿದ್ದೇನೆ ಕಣೋ.

ಏಪ್ರಿಲ್‌ನಲ್ಲಿ ಊಟದ ಮೇಜಿನ ಮುಂದೆ ಆದ ಜಗಳ ನಿನಗೆ ಮರೆತಿರಲಾರದು. ಬಿಷಪ್ ಕೊಡುವ ಚೀಟಿಯಿಲ್ಲದವರಿಗೆ ನಮ್ಮ ಚರ್ಚಿನ ದೇವಾಲಯದ ಬಾಗಿಲು ತೆರೆಯುವುದಿಲ್ಲ, ಅದು ಯಾರ ಮದುವೆಯೇ ಇರಲಿ. "ಬಿಷಪ್ ಅಂದ್ರೆ ಯಾರು? ವಾರವೆಲ್ಲ ಕ್ಲಿನಿಕ್ ನಡೆಸೋ, ನಿನ್ನ ಹಲ್ಲು ಕಿತ್ತ ಡಾಕ್ಟರೇ ತಾನೆ? ಹೋಗಿ ಕೂತ್ಕೋ, ಕೇಳಿದ್ದಕ್ಕೆಲ್ಲ ಹೂಂ ಅಂದು ಚೀಟಿ ತಗೊಂಡು ಬಾ. ಇರೋದು ಒಬ್ಳೇ ತಂಗಿ" ಅಂದರು ಅಪ್ಪ. ನೀನು ಚಮಚ ಕೆಳಗಿಟ್ಟೆ. "ನಂಬಿಕೆ ಇದೆಯಾ ಅಂತ ಕೇಳ್ತಾರಪ್ಪಾ. ಇಲ್ದೇ ಇರೋದನ್ನ ಇದೆ ಅಂತ ಹೇಗೆ ಹೇಳ್ಲಿ?" ಅಂದೆ. ಆಗ ನಾನು ಬಾಯಿ ಹಾಕಿದೆ. "ತಂಗಿಗೋಸ್ಕರ ಒಂದು ಮಾತು ಆಡಿದ್ರೆ ನಾಲಿಗೆ ಸವೆದುಹೋಗತ್ತಾ?" ಎಂದೆ. ನೀನು ಎದ್ದು ನಿನ್ನ ತಟ್ಟೆ ತೊಳೆದಿಟ್ಟೆ.

ಆದರೂ ಮದುವೆಯ ದಿನ ಬೆಳಿಗ್ಗೆ ಬಾಯ್ಸಿಯಿಂದ ನಾಲ್ಕು ಗಂಟೆ ಕಾರು ಓಡಿಸಿಕೊಂಡು, ಕೋಟು ಹಾಕಿಕೊಂಡು ಬಂದೆ. ನಾವೆಲ್ಲ ಒಳಗೆ ಹೋಗುವಾಗ ಹೊರಗಿನ ಬೆಂಚಿನ ಮೇಲೆ ಕೂತು ಕೈ ಬೀಸಿದೆ. ಒಳಗೆ ಬಿಳಿ ಬಟ್ಟೆಯಲ್ಲಿ ಜನೀಲ್ ಮಂಡಿಯೂರುವ ಮೊದಲು ಒಂದು ಸಲ ಸುತ್ತ ನೋಡಿದಳು. ಎಲ್ಲರೂ ಇದ್ದಾರಲ್ಲ ಅನ್ನುವ ಹಾಗೆ ನಿಮ್ಮ ಕ್ಲಿಯೋನಾ ಅತ್ತೆ ನಗುತ್ತಾ ತಲೆಯಾಡಿಸಿದಳು. ನಾನು ಬಾಗಿಲ ಕಡೆ ನೋಡಿದೆ.

ಹೊರಗೆ ಬಂದಾಗ ನಿನ್ನ ತೊಡೆಯ ಮೇಲೆ ಬೀಗರ ಕಡೆಯ ಒಂದು ಕೂಸು, ಕಾಲ ಹತ್ತಿರ ಇನ್ನೆರಡು. "ಅಣ್ಣಾ, ಬಿಸ್ಲಲ್ಲಿ ಕೂತು ಟೊಮೇಟೊ ಆಗಿದ್ದೀಯಲ್ಲೋ" ಎಂದು ಜನೀಲ್ ಅಳುತ್ತಾ ನಕ್ಕಳು. "ನಿನ್ನ ಮದ್ವೆ ನೋಡೋಕಾಗ್ಲಿಲ್ಲ, ನಿನ್ನ ಅತ್ತೆಮನೆಯೋರ ಮೂಗು ಒರೆಸೋ ಭಾಗ್ಯ ಆದ್ರೂ ಸಿಕ್ತು" ಅಂದೆ ನೀನು. ಅವಳು ಆ ಮಾತನ್ನು ಇನ್ನೂ ಹೇಳಿಕೊಂಡು ನಗುತ್ತಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚರ್ಚು ಬೇಡವೆನ್ನುವ ಕಾಫಿಯನ್ನೂ ಕುಡಿಯುತ್ತೀಯಂತೆ, ಕುಡಿ, ಖಾಲಿ ಹೊಟ್ಟೆಯಲ್ಲಿ ಬೇಡ. ದೇವರು ನಿನ್ನನ್ನು ಕಾಯಲಿ. ಈ ಮಾತಿಗೆ ಸಿಟ್ಟಾಗಬೇಡ, ನನಗೆ ಬೇರೆ ಹಾರೈಕೆ ಬರುವುದಿಲ್ಲ.

ನಿನ್ನ ಅಮ್ಮ,
ಲರೂ

ತಾ.ಕ.: ಬರೆಯಲು ಕೂತದ್ದು ಇದಕ್ಕಾಗಿಯೇ. ಮದುವೆಗೆ ಮೂರು ವಾರವಿರುವಾಗ ನನ್ನ ಚೀಟಿಯ ಅವಧಿ ಮುಗಿದಿತ್ತು. ಹೊಸದಕ್ಕೆಂದು ಬಿಷಪ್ ಹತ್ತಿರ ಹೋದೆ. ಎಲ್ಲರಿಗೂ ಕೇಳುವ ಪ್ರಶ್ನೆಗಳೇ. ಅದರಲ್ಲೊಂದು, ನಮ್ಮ ಬೋಧನೆಗೆ ವಿರುದ್ಧವಾಗಿರುವ ಯಾರಿಗಾದರೂ ನಿಮ್ಮ ಬೆಂಬಲವಿದೆಯೇ ಎಂಬುದು. ಮೂವತ್ತು ವರ್ಷ ಯೋಚಿಸದೆ 'ಇಲ್ಲ' ಎಂದವಳು ಈ ಸಲ ತಡವರಿಸಿದೆ. "ಅದು ಮಗ ಆಗಿದ್ರೆ?" ಎಂದು ಕೇಳಿದೆ. ಅವರು ಮೆಲ್ಲಗೆ, "ಪ್ರೀತಿ ಇರ್ಲಿ ಸಿಸ್ಟರ್, ಯಾರು ಬೇಡ ಅಂದ್ರು? ಅವನು ಮಾಡಿದ್ದು ಸರಿ ಅನ್ಸತ್ತಾ, ಅಷ್ಟು ಹೇಳಿ" ಎಂದರು. ಸರಿ ಅನ್ನಿಸಿತ್ತು ಟೆರಿಲ್. ನೀನು ತಟ್ಟೆ ತೊಳೆಯುತ್ತಾ ನಿಂತಿದ್ದಾಗಲೇ ಅನ್ನಿಸಿತ್ತು. "ಇಲ್ಲ" ಅಂದೆ. ಅವರು ಸಹಿ ಹಾಕಿ ಕೊಟ್ಟರು. ನೀನು ಹೇಳಲಾರೆ ಎಂದ ಸುಳ್ಳನ್ನು ನಾನು ಹೇಳಿ ಒಳಗೆ ಹೋದೆ.