ಒಗ್ಗರಣೆ ನಿಂತ ಮನೆ

ಶಿಡ್ಲಘಟ್ಟ
೬-೨-೧೯೬೮

ನನ್ನ ಮುದ್ದಿನ ಮೊಮ್ಮಗಳು ಶಾಂತಕುಮಾರಿಗೆ,

ಹೇಗಿದ್ದೀಯಮ್ಮ? ಹಾಸ್ಟೆಲಿನ ಊಟ ಒಗ್ಗಿತೆ? ನೆಗಡಿ ಇಳಿಯಿತೆ? ರೇಷ್ಮೆ ಹೊತ್ತು ಬೆಂಗಳೂರಿಗೆ ಹೊರಟಿರುವ ಆವಲಪ್ಪನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಅಂಚೆಗೆ ಕಾಯುವ ಹಾಗಿಲ್ಲ.

ನಿಮ್ಮಜ್ಜಿಗೆ ಎದೆ ಹಿಡಿದಂತಾಗಿ ಚಿಕ್ಕಬಳ್ಳಾಪುರದ ಡಾಕ್ಟರಿಗೆ ತೋರಿಸಿದೆವು. ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿದೆ, ತುಪ್ಪ, ಕೆನೆ, ಮೊಟ್ಟೆ ಕಡಿಮೆ ಮಾಡಿ ಎಂದರು. ಹೇಳಿದ್ದು ಅಷ್ಟೇ. ಆದರೆ ನಿಮ್ಮಜ್ಜಿ ಅಕ್ಕಯ್ಯಮ್ಮ ಗೊತ್ತಲ್ಲ, ಮನೆಗೆ ಸಿಡುಬಿನ ಅಮ್ಮ ಬಂದಾಗ ಮಾಡುವ ಪಥ್ಯವನ್ನೇ ಹಿಡಿದಳು. ಒಗ್ಗರಣೆ ನಿಂತಿತು, ಎಣ್ಣೆ ಬಾಣಲೆ ಅಟ್ಟ ಸೇರಿತು, ಹಸುವಿನ ಹಾಲೆಲ್ಲ ಪಕ್ಕದ ಮನೆಗೆ. ಪಥ್ಯ ಒಬ್ಬರದಲ್ಲ, ಮನೆಯವರೆಲ್ಲರದು. "ಒಂದೇ ಬಾವಿ ನೀರು ಕುಡಿಯೋರಿಗೆ ಒಂದೇ ರೋಗ ಕಣ್ರೀ" ಎನ್ನುತ್ತಾಳೆ. ನನಗಾದರೂ ಚಿಂತೆಯಿಲ್ಲ, ಈ ಮುದಿ ಹೊಟ್ಟೆಗೆ ಸಪ್ಪೆ ಮುದ್ದೆ ಸಾಕು. ಆದರೆ ನಿಮ್ಮತ್ತಿಗೆ ಕದಿರಮ್ಮ ಹಸಿ ಬಾಣಂತಿ. ಅವಳಿಗೂ ಬರೀ ಗಂಜಿ. ಎದೆಹಾಲು ಬತ್ತುತ್ತಿದೆ. ಮಗುವಿಗೆ ಹಸುವಿನ ಹಾಲನ್ನಾದರೂ ಕುಡಿಸೋಣವೆಂದರೆ ನಿಮ್ಮಜ್ಜಿ ಲೋಟ ಕಿತ್ತುಕೊಳ್ಳುತ್ತಾಳೆ. ಬಾಣಂತಿ ಹೊಸಿಲು ದಾಟಬಾರದೆಂದು ಆಸ್ಪತ್ರೆಗೂ ಬಿಡುವುದಿಲ್ಲ. ನಿಮ್ಮಣ್ಣ ಕೋನಪ್ಪ ಅಜ್ಜಿಯ ಮುಂದೆ ಬಾಯಿ ತೆರೆಯುವವನಲ್ಲ. ನಾನು ಅಂಗಲಾಚಿದೆ, ರೇಗಿದೆ, ಊಟ ಬಿಟ್ಟು ಕೂತೆ. "ಕೂತ್ಕೊಳ್ಳಿ, ಪಥ್ಯಕ್ಕೆ ಒಳ್ಳೇದು" ಎಂದಳು.

ಸಂಕ್ರಾಂತಿಗೆ ಬಂದಾಗ ನೀನು ತುಪ್ಪದ ಗಿಂಡಿ ಹಿಡಿದು ಹೇಳಿದ್ದೆಯಲ್ಲ, ಅದನ್ನೇ ನಿಮ್ಮಜ್ಜಿಗೆ ನನ್ನ ಬಾಯಲ್ಲಿ ಹೇಳಿ ನೋಡಿದೆ. ಮೈಯ ಒಂದೊಂದು ಕಣದ ಸುತ್ತಲೂ ಕೊಬ್ಬಿನ ತೆಳು ಪೊರೆ ಇದೆ, ಬರೀ ಆ ಕೊಬ್ಬೇ ಆದರೆ ಚಳಿಗೆ ಬೆಳಗಿನ ತುಪ್ಪದಂತೆ ಹೆಪ್ಪುಗಟ್ಟುತ್ತದೆ, ಬಿಸಿಗೆ ಒಲೆ ಪಕ್ಕದ ತುಪ್ಪದಂತೆ ಸಡಿಲಾಗಿ ಸೋರುತ್ತದೆ. ಕೊಲೆಸ್ಟರಾಲ್ ನಡುನಡುವೆ ಸೇರಿಕೊಂಡರೆ ಎರಡೂ ಆಗದಂತೆ ತಡೆಯುತ್ತದೆ. ನಾನು ನನ್ನದೊಂದು ಸೇರಿಸಿದೆ: ರೊಪ್ಪದಲ್ಲಿ ಕುರಿಗಳ ಮಧ್ಯೆ ಕುರುಬ ನಿಂತ ಹಾಗೆ ಕಣೇ, ಚಳಿಗೆ ಒಂದರ ಮೇಲೊಂದು ಒತ್ತಿಕೊಂಡು ಮರಗಟ್ಟಲು ಬಿಡನು, ಬಿಸಿಲೇರಿದಾಗ ಚೆಲ್ಲಾಪಿಲ್ಲಿಯಾಗಲೂ ಬಿಡನು. ಅವಳು ಕೇಳಿಸಿಕೊಂಡು, "ಕುರುಬರು ಜಾಸ್ತಿ ಆದ್ರೆ ಕುರೀನೇ ಕೊಯ್ಕೊಂಡು ತಿಂತಾರೆ, ಸುಮ್ಕಿರಿ" ಎಂದಳು. ನಗು ಬಂತಮ್ಮ. ಆಮೇಲೆ ಹಟ್ಟಿಗೆ ಹೋಗಿ ಅತ್ತುಬಿಟ್ಟೆ.

ಅವಳದೂ ತಪ್ಪಲ್ಲ. ಅವಳ ತಮ್ಮ ಎದೆ ಹಿಡಿದುಕೊಂಡೇ ಗದ್ದೆಯಲ್ಲಿ ಬಿದ್ದು ಹೋದನಲ್ಲ, ಆ ಭಯ. ಮಗುವಿಗೂ ಹಾಗಾಗಬಾರದೆಂದು ಕಾಯುತ್ತಿದ್ದಾಳೆ, ಕಾಯುತ್ತಲೇ ಒಣಗಿಸುತ್ತಿದ್ದಾಳೆ. ಕೊನೆಗೊಂದು ಮಾತು ಬಿಟ್ಟಳು: "ನೀವು ಕಥೆ ಹೇಳೋರು. ಅದನ್ನ ಓದಿರೋಳು ಶಾಂತ. ಅವಳು ಬಂದು ಬಾಣಂತೀಗೆ ಬೇಕು ಅಂದ್ರೆ ಬಾಣಲೆ ಇಳಿಸ್ತೀನಿ." ಊರಿಗೆಲ್ಲ ಕಥೆ ಹೇಳಿದ ನನ್ನ ಬಾಯಿ ನನ್ನ ಮನೆಯಲ್ಲೇ ಸೋತಿತು.

ದೇವರು ನಿನ್ನನ್ನು ತಂಪಾಗಿಟ್ಟಿರಲಿ. ನಿನ್ನ ಗೆಳತಿಯರಿಗೂ ನನ್ನ ಆಶೀರ್ವಾದ.

ನಿನ್ನ ತಾತ,
ಮುನಿಶಾಮಪ್ಪ

ಆವಲಪ್ಪ ಗಾಡಿ ಹತ್ತಿದ್ದಾನೆ, ಒಂದೇ ಮಾತು. ನಿನ್ನೆಯವರೆಗೂ ಮಗು ಹಸಿವಿಗೆ ಕಿರುಚುತ್ತಿತ್ತು. ಇವತ್ತು ಬೆಳಗಿನಿಂದ ಅಳುತ್ತಿಲ್ಲ. "ನೋಡಿದ್ರಾ, ಪಥ್ಯ ಹಿಡೀತು" ಎಂದು ನಿಮ್ಮಜ್ಜಿ ತೊಟ್ಟಿಲು ತೂಗುತ್ತಿದ್ದಾಳೆ. ಆವಲಪ್ಪನ ಜೊತೆಯಲ್ಲೇ ಹೊರಟು ಬಾರಮ್ಮ.