ಏನೂ ಬರೆಯದ ಬೋರ್ಡು

ಅಕ್ಕಾ, ಇಲ್ಲಿ ಗಲಾಟೆ ಅಂತ ಕೇಳಿ ಗಾಬರಿಯಾಗಬೇಡ, ನಾನು ಚೆನ್ನಾಗಿದ್ದೀನಿ.

ನಿನ್ನೆ ಎಂಟು ಜನ ನನ್ನ ಬೋರ್ಡು ಬರೆಯುವ ಅಂಗಡಿಗೆ ನುಗ್ಗಿ, "'ಹೊರಗಿನವರೆಲ್ಲ ತೊಲಗಿ' ಅಂತ ಬರಿ" ಅಂದರು. ನಾನೂ ಹೊರಗಿನವನೇ ಅಲ್ವಾ, ಆದರೂ ಕುಂಚ ಎತ್ತಿಕೊಂಡೆ. "ಯಾವ ಭಾಷೆಯಲ್ಲಿ?" ಅಂದೆ. ಎಂಟು ಜನ ಎಂಟು ಭಾಷೆ ಹೇಳಿದರು! ಈ ಊರಲ್ಲಿರೋರು ಎಲ್ಲರೂ ನನ್ನ ಹಾಗೇ ಹಡಗಿಳಿದು ಬಂದವರೇ. ಕಿತ್ತಾಡಿ ಕಿತ್ತಾಡಿ ಸುಸ್ತಾಗಿ, ಕೊನೆಗೆ ಏನೂ ಬರೆಯದ ಬೋರ್ಡನ್ನೇ ನನ್ನ ಕೈಗೆ ಕೊಟ್ಟು ಗವರ್ನರ್ ಬಂಗಲೆಗೆ ಮೆರವಣಿಗೆ ಹೊರಡಿಸಿದರು. ಗವರ್ನರ್ ಸಾಹೇಬರು ಮಹಡಿಯಿಂದ ಅದನ್ನು ಎರಡು ಸಲ ಓದಿ, "ಬೇಡಿಕೆ ಒಪ್ಪಿದ್ದೇವೆ, ನಾಳೆಯಿಂದಲೇ ಜಾರಿ" ಅಂದುಬಿಟ್ಟರು. ಜನ ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಬೋರ್ಡು ಹೊತ್ತು ಭುಜ ನೋಯ್ತಿದೆ, ಎಣ್ಣೆ ಹಚ್ಚಿದ್ದೀನಿ. ಇವತ್ತಿನಿಂದ ಜಾರಿ ಆಗಿರೋದು ಏನು ಅಂತ ಕೇಳೋ ಧೈರ್ಯ ಊರಲ್ಲಿ ಯಾರಿಗೂ ಇಲ್ಲ; ಎಲ್ಲರೂ ಗಂಟುಮೂಟೆ ಕಟ್ತಿದ್ದಾರೆ, ನನ್ನದೂ ಕಟ್ಟಾಯ್ತು.

ಅವಸರದಲ್ಲಿ,
ನಿನ್ನ ತಮ್ಮ