ಎರಡು ಹನಿ ಅಂಟು

ಕಿನ್ನಾಳ
ಗುರುವಾರ

ಪ್ರೀತಿಯ ನೇತ್ರಾವತಿ,

ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಮೂರನೇ ಸಲ ಎಲ್ಲಿ ಎತ್ತಿಬಿಡುತ್ತೀಯೋ ಎಂದು ಹೆದರಿ ಈ ಪತ್ರವನ್ನು ಧಾರವಾಡದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ.

ಲ್ಯಾಬಿನ ಅರೆಯುವ ಯಂತ್ರ ಕೆಟ್ಟಿದೆಯೆಂದು ರಜೆಯಲ್ಲಿ ನೀನು ಕೂಡಿಸಿ ಅರೆಯಲು ಎರಡು ಪುಡಿ ತಂದಿದ್ದೆಯಲ್ಲ, ಒಂದರಲ್ಲಿ ಕಬ್ಬಿಣ ಇಂಗಾಲದ ಜೊತೆ ಬೆಸೆದುಕೊಂಡಿದೆ ಎಂದಿದ್ದೆಯಲ್ಲ, ಅದರ ಮಾತು.

"ಕಾಕಾ, ಒಣಾನ ಅರೀರಿ, ಒಂದ್ ಹನಿ ನೀರೂ ತಾಗಬಾರ್ದು" ಎಂದು ನೀನು ಹೇಳಿದೆ.

"ಗೊಂಬಿ ಬಣ್ಣ ಅರ್ಯಾಕ ಹತ್ತಿ ನಲವತ್ತು ವರ್ಷ ಆತವ್ವ, ನಿಮ್ಮ ಮಷೀನು ನನ್ನ ಮುಂದ ಯಾವ ಲೆಕ್ಕ?" ಎಂದು ನಾನು ಜಂಬ ಕೊಚ್ಚಿಕೊಂಡೆ.

ನೀನು ಚಹಾ ತರಲು ಒಳಗೆ ಹೋದಾಗ ಪುಡಿ ಹಾರತೊಡಗಿತು. ರೂಢಿಯ ಕೈ, ಬಣ್ಣಕ್ಕೆ ಬಿಡುವಂತೆ, ನೀರಲ್ಲಿ ಕುದಿಸಿದ ಹುಣಸೆಬೀಜದ ಅಂಟು ಎರಡು ಹನಿ ಬಿಟ್ಟುಬಿಟ್ಟಿತು. ಪುಡಿ ಕೆಂಪಾದದ್ದು ಆಮೇಲೆ. ಎರಡೂ ಕೂಡಿದವೆಂದು ನೀನು ಕುಣಿದಾಡಿದೆ. ನಾನು ಮೀಸೆ ತಿರುವಿದೆನೇ ಹೊರತು ಅಂಟಿನ ಸುದ್ದಿ ಹೇಳಲಿಲ್ಲ.

ಹನಿ ನೀರಿಲ್ಲದೆ ಪುಡಿಗಳು ಕೂಡಿದವೆಂದು ಸೋಮವಾರ ಪ್ರೊಫೆಸರುಗಳ ಮುಂದೆ ಹೇಳುವೆಯಂತೆ, ನಿಮ್ಮಪ್ಪ ಹೇಳಿದ. ಹೇಳಬೇಡವ್ವ. ಮೊದಲು ಒಣ ಪುಡಿಯನ್ನೇ ಇನ್ನೊಮ್ಮೆ ಅರೆದು ನೋಡು. ಕೆಂಪಾಗದಿದ್ದರೆ ನಿಮ್ಮ ಸರ್‌ಗೆ ನನ್ನ ಹೆಸರು, ಊರು ಎಲ್ಲ ಹೇಳಿಬಿಡು. ಬಂದು ಎದುರಿಗೆ ನಿಲ್ಲುತ್ತೇನೆ.

ಕೆಂಪಾದರೆ ಈ ಪತ್ರ ಹರಿದುಹಾಕು. ನಿಮ್ಮಪ್ಪನಿಗೆ ಮಾತ್ರ ತೋರಿಸಬೇಡ. ಅಣ್ಣನ ಮುಂದೆ ನಾನಿನ್ನೂ ಅರ್ಧ ವಿಜ್ಞಾನಿ.

ನಿನ್ನ ಕಾಕಾ,
ಗಾಳೇಶ